ಕನ್ನಡದಲ್ಲಿ ಯೋಚಿಸುವವರು ಎಸ್‌ಎಸ್‌ಸಿ ಇಂಗ್ಲಿಷ್ ಅಭ್ಯಾಸ ಮಾಡುವುದು ಹೇಗೆ

ಮೊದಲು ಅಂಕಗಳ ಲೆಕ್ಕ ನೋಡಿಬಿಡೋಣ. ಎಸ್‌ಎಸ್‌ಸಿ, ಅಂದರೆ ಸ್ಟಾಫ್ ಸೆಲೆಕ್ಷನ್ ಕಮಿಷನ್, ಕೇಂದ್ರ ಸರ್ಕಾರಿ ಕೆಲಸಗಳಿಗೆ ಪದವೀಧರರಿಗಾಗಿ ನಡೆಸುವ ಪರೀಕ್ಷೆ ಸಿಜಿಎಲ್. 2022ರಲ್ಲಿ ಬಂದ ಮಾದರಿಯ ಪ್ರಕಾರ ಅದರ ಟಿಯರ್ 1ರಲ್ಲಿ (ಮೊದಲ ಹಂತ) 100 ಪ್ರಶ್ನೆ, 200 ಅಂಕ, 60 ನಿಮಿಷ. ಅದರಲ್ಲಿ ಇಂಗ್ಲಿಷ್‌ಗೆ 25 ಪ್ರಶ್ನೆ, 50 ಅಂಕ. ಈ ಟಿಯರ್ 1 ಅಂಕ ನಿಮ್ಮನ್ನು ಟಿಯರ್ 2ಕ್ಕೆ ದಾಟಿಸುತ್ತದೆ, ಅಷ್ಟೇ. ಮೆರಿಟ್ ತೀರ್ಮಾನವಾಗುವುದು ಟಿಯರ್ 2ರಲ್ಲಿ. ಅಲ್ಲಿ ಎಲ್ಲರೂ ಬರೆಯಬೇಕಾದ ಮೊದಲ ಪತ್ರಿಕೆಯಲ್ಲಿ ಗಣಿತ 90 ಅಂಕ, ರೀಸನಿಂಗ್ 90, ಜಿಕೆ 75, ಇಂಗ್ಲಿಷ್ 135. ಒಟ್ಟು 390ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಂಗ್ಲಿಷ್ ಒಂದರಲ್ಲೇ ಇದೆ! ಆದರೆ ನಮ್ಮ ಹುಡುಗ ಹುಡುಗಿಯರು ದಿನದ ಅರ್ಧ ಗಣಿತಕ್ಕೆ, ಉಳಿದದ್ದು ಜಿಕೆಗೆ ಕೊಟ್ಟು, ಇಂಗ್ಲಿಷ್ ಅನ್ನು ರಾತ್ರಿ ಕಣ್ಣು ಎಳೆಯುವ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ವಿಷಯ. ಸಿಜಿಎಲ್ ಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಿಂದಿ ಬಾರದ ಕನ್ನಡದವರು ಗಣಿತದ ಲೆಕ್ಕವನ್ನೂ ಇಂಗ್ಲಿಷಲ್ಲೇ ಓದಿ ಅರ್ಥ ಮಾಡಿಕೊಳ್ಳಬೇಕು. ಎಸ್‌ಎಸ್‌ಸಿಯದೇ ಎಂಟಿಎಸ್ (ಹತ್ತನೇ ತರಗತಿ ಮಟ್ಟದ ಸಹಾಯಕ ಹುದ್ದೆ) ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು, ಸಂತೋಷದ ವಿಷಯ, ಆದರೆ ಇಂಗ್ಲಿಷ್ ವಿಭಾಗ ಅಲ್ಲೂ ತಪ್ಪಿದ್ದಲ್ಲ. ಬ್ಯಾಂಕ್ ಕೆಲಸಕ್ಕೆ ಐಬಿಪಿಎಸ್ ನಡೆಸುವ ಕ್ಲರ್ಕ್, ಪಿಒ (ಪ್ರೊಬೇಷನರಿ ಆಫೀಸರ್) ಪ್ರಿಲಿಮ್ಸ್‌ನಲ್ಲಿ 20 ನಿಮಿಷಕ್ಕೆ 30 ಇಂಗ್ಲಿಷ್ ಪ್ರಶ್ನೆ. ಕೆಪಿಎಸ್‌ಸಿ ಗ್ರೂಪ್ ಸಿ ಮತ್ತು ಪಿಡಿಒ ಬರೆಯುವವರಿಗೆ ಕಮ್ಯುನಿಕೇಷನ್ ಪತ್ರಿಕೆಯಲ್ಲಿ ಸಾಮಾನ್ಯ ಕನ್ನಡದಷ್ಟೇ, ಅಂದರೆ 35 ಅಂಕ, ಸಾಮಾನ್ಯ ಇಂಗ್ಲಿಷ್‌ಗೂ ಇದೆ. ಹಾಗಾಗಿ ಸಿಜಿಎಲ್‌ಗೆ ಅಂತ ಮಾಡುವ ಅಭ್ಯಾಸ ಎಲ್ಲೂ ವ್ಯರ್ಥ ಆಗುವುದಿಲ್ಲ.

ಈಗ ಮುಖ್ಯ ಮಾತು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಲ್ಲಿ ಮಾಡುವ ತಪ್ಪುಗಳು ದಿಕ್ಕಿಲ್ಲದೆ ಆಗುವ ತಪ್ಪುಗಳಲ್ಲ. ಅವೇ ಹತ್ತು ಹನ್ನೆರಡು ಜಾಗದಲ್ಲಿ, ಪ್ರತಿ ಸಲ ಒಂದೇ ಕಾರಣಕ್ಕೆ ಆಗುತ್ತವೆ. ಕನ್ನಡದಲ್ಲಿ ಸರಿಯಾಗಿಯೇ ಇರುವ ವಾಕ್ಯ ಹಾಗೆಹಾಗೇ ಇಂಗ್ಲಿಷ್‌ಗೆ ಇಳಿದುಬಿಡುತ್ತದೆ, ಪರೀಕ್ಷೆ ಮಾಡುವವರು ಸರಿಯಾಗಿ ಅಲ್ಲೇ ಪ್ರಶ್ನೆ ಇಟ್ಟಿರುತ್ತಾರೆ. ದಪ್ಪ ಗ್ರಾಮರ್ ಪುಸ್ತಕವನ್ನು ಮೊದಲ ಪುಟದಿಂದ ಶುರು ಮಾಡಿ ನೌನ್ ಅಧ್ಯಾಯ ಮುಗಿಯುವಷ್ಟರಲ್ಲಿ ಸುಸ್ತಾಗಿ ಬಿಡುವ ಬದಲು, ಈ ಹತ್ತು ಹನ್ನೆರಡು ಜಾಗ ಗುರುತು ಮಾಡಿಕೊಂಡು ಅಲ್ಲೇ ಕೂತು ಕೆಲಸ ಮಾಡಿ. ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ ಅನ್ನುವುದೇ ಇಲ್ಲಿ ಬಲ. (ಉದಾಹರಣೆಗಳನ್ನು ಓದಲು ಸಲೀಸಾಗಲಿ ಅಂತ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನಿಮ್ಮ ನೋಟ್‌ಬುಕ್ಕಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ.)

ಹಳೆ ಪ್ರಶ್ನೆಪತ್ರಿಕೆಯಿಂದ ಶುರು ಮಾಡಿ

ಪುಸ್ತಕ ಆಮೇಲೆ, ಪ್ರಶ್ನೆಪತ್ರಿಕೆ ಮೊದಲು. ಎಸ್‌ಎಸ್‌ಸಿ ಹಳೆ ಶಿಫ್ಟ್‌ಗಳ (ಪಾಳಿಗಳ) ಪತ್ರಿಕೆಗಳು ಆನ್‌ಲೈನಲ್ಲಿ ಧಾರಾಳವಾಗಿ ಸಿಗುತ್ತವೆ. ಯುಪಿಎಸ್‌ಸಿ ತನ್ನ ವೆಬ್‌ಸೈಟಲ್ಲೇ ಹಳೆ ಪತ್ರಿಕೆಗಳನ್ನು ಹಾಕುತ್ತದೆ, ಅದರಲ್ಲಿ ಸೇನಾ ಅಧಿಕಾರಿಗಳ ಆಯ್ಕೆಗೆ ನಡೆಯುವ ಸಿಡಿಎಸ್ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆ ಇಳಿಸಿಕೊಳ್ಳಿ. 120 ಪ್ರಶ್ನೆ ಇರುತ್ತದೆ, ವ್ಯಾಕರಣ ಅಭ್ಯಾಸಕ್ಕೆ ತುಂಬ ಒಳ್ಳೆಯದು.

ಒಂದು ಶಿಫ್ಟಿನ 25 ಇಂಗ್ಲಿಷ್ ಪ್ರಶ್ನೆ ತೆಗೆದುಕೊಳ್ಳಿ. ಟೈಮರ್ ಬೇಡ. ಉತ್ತರ ಗುರುತು ಮಾಡಿ, ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಕಾರಣ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ಕಾರಣ ಹೊಳೆಯದಿದ್ದರೆ 'ಗೊತ್ತಿಲ್ಲ, ಕಿವಿಗೆ ಸರಿ ಅನಿಸಿತು' ಅಂತ ಬರೆಯಿರಿ. ಆಮೇಲೆ ಕೀ ಉತ್ತರ ನೋಡಿ. ಕಿವಿಗೆ ಸರಿ ಅನಿಸಿ ಸರಿಯೇ ಆದ ಪ್ರಶ್ನೆಯನ್ನೂ ಬಿಡಬೇಡಿ, ಅದು ಈ ಸಲ ಸರಿಯಾಗಿದೆ, ಮುಂದಿನ ಸಲ ಕೈ ಕೊಡುತ್ತದೆ. ಸುಮ್ನೆ ಮಾಕ್ ಟೆಸ್ಟ್ ಮೇಲೆ ಮಾಕ್ ಟೆಸ್ಟ್ ಬರೆದು ಅಂಕ ನೋಡಿ ಬೇಜಾರಾಗಿ ಮಲಗುವವರು ಬಹಳ. ಒಂದು ಟೆಸ್ಟ್ ಬರೆಯಲು ತೆಗೆದುಕೊಂಡ ಸಮಯದ ಎರಡರಷ್ಟು ಅದನ್ನು ಬಿಡಿಸಿ ನೋಡಲು ಕೊಟ್ಟರೆ ಮಾತ್ರ ಅದರಿಂದ ಪ್ರಯೋಜನ.

ಒಂದು ಪ್ರಶ್ನೆ ಬಿಡಿಸಿ ತೋರಿಸುತ್ತೇನೆ. ಸ್ಪಾಟಿಂಗ್ ಎರರ್ ಮಾದರಿ, ಅಂದರೆ ಯಾವ ತುಂಡಲ್ಲಿ ತಪ್ಪಿದೆ ಅಂತ ಹುಡುಕುವುದು, ನಾಲ್ಕು ತುಂಡು: 'ನೈದರ್ ಆಫ್ ದ ಟೂ ಕ್ಯಾಂಡಿಡೇಟ್ಸ್ / ಹೂ ವರ್ ಕಾಲ್ಡ್ ಫಾರ್ ದ ಇಂಟರ್‌ವ್ಯೂ / ಹ್ಯಾವ್ ಸಬ್‌ಮಿಟೆಡ್ / ದ ಒರಿಜಿನಲ್ ಡಾಕ್ಯುಮೆಂಟ್ಸ್.' ಓದಿದರೆ ಎಲ್ಲವೂ ಸರಿ ಇದ್ದ ಹಾಗೆ ಕೇಳಿಸುತ್ತದೆ. ಕಿವಿ ನಂಬಬೇಡಿ, ಕ್ರಿಯಾಪದ ಹುಡುಕಿ. ಇಲ್ಲಿ ಎರಡಿವೆ. ಮೊದಲನೆಯದು 'ವರ್ ಕಾಲ್ಡ್'. ಯಾರನ್ನು ಕರೆದಿದ್ದರು? ಕ್ಯಾಂಡಿಡೇಟ್ಸ್, ಬಹುವಚನ, ಆದ್ದರಿಂದ 'ವರ್' ಸರಿ. ಎರಡನೆಯದು 'ಹ್ಯಾವ್ ಸಬ್‌ಮಿಟೆಡ್'. ಇದರ ಕರ್ತೃ ಯಾವುದು? ಹತ್ತಿರದಲ್ಲಿ ಕ್ಯಾಂಡಿಡೇಟ್ಸ್ ಕಾಣುತ್ತದೆ, ಆದರೆ ವಾಕ್ಯದ ತಲೆಯಲ್ಲಿ ಕೂತಿರುವುದು 'ನೈದರ್', ಅದು ಏಕವಚನ. ಆದ್ದರಿಂದ 'ಹ್ಯಾಸ್' ಆಗಬೇಕು. ಮೂರನೇ ತುಂಡಲ್ಲಿ ತಪ್ಪು. ನಡುವೆ 'ಹೂ' ಶುರುವಾಗುವ ಒಂದು ಉದ್ದ ತುಂಡು ತೂರಿಸಿ ಕರ್ತೃವನ್ನೂ ಕ್ರಿಯಾಪದವನ್ನೂ ದೂರ ಮಾಡುವುದು ಹಳೆ ತಂತ್ರ. 'ಈಚ್ ಆಫ್', 'ಒನ್ ಆಫ್', 'ಅಲಾಂಗ್ ವಿತ್', 'ಆಸ್ ವೆಲ್ ಆಸ್' ಬಂದಲ್ಲೆಲ್ಲ ಇದೇ ರೀತಿ ನಡುವಿನದ್ದನ್ನು ಬೆರಳಿಂದ ಮುಚ್ಚಿ ಓದಿ. 'ದ ನಂಬರ್ ಆಫ್' ಬಂದರೆ ಏಕವಚನ, 'ಎ ನಂಬರ್ ಆಫ್' ಬಂದರೆ ಬಹುವಚನ, ಇದು ಪದೇ ಪದೇ ಬರುತ್ತದೆ.

ಕನ್ನಡ ಎಲ್ಲೆಲ್ಲಿ ಕೈ ಹಿಡಿದು ಎಳೆಯುತ್ತದೆ

ಮೊದಲನೆಯದು ವಿಭಕ್ತಿ. ನಮ್ಮ 'ಇಂದ' ಒಂದೇ ಪ್ರತ್ಯಯ ಎಷ್ಟು ಕೆಲಸ ಮಾಡುತ್ತದೆ ನೋಡಿ. ಹಾಸನದಿಂದ ಬಂದ ಅಂದರೆ 'ಫ್ರಮ್'. ಚಾಕುವಿನಿಂದ ಕತ್ತರಿಸಿದ ಅಂದರೆ 'ವಿತ್'. ಜ್ವರದಿಂದ ಸತ್ತ ಅಂದರೆ 'ಆಫ್'. ಸೋಮವಾರದಿಂದ ಅಂದರೆ 'ಸಿನ್ಸ್'. ಎರಡು ವರ್ಷದಿಂದ ಅಂದರೆ 'ಫಾರ್'. 'ಗೆ' ಕೂಡ ಹಾಗೆಯೇ: ಊರಿಗೆ ಹೋದ 'ಟು', ಆರು ಗಂಟೆಗೆ 'ಅಟ್', ಒಂದನೇ ತಾರೀಖಿಗೆ 'ಆನ್', ಮಗಳಿಗೆ ತಂದ ಸೀರೆ 'ಫಾರ್'. ಇದನ್ನು ಒಂದು ದೊಡ್ಡ ಹಾಳೆಯಲ್ಲಿ ಕನ್ನಡ ಪ್ರತ್ಯಯ ಮಧ್ಯದಲ್ಲಿ ಬರೆದು, ಸುತ್ತ ಇಂಗ್ಲಿಷ್ ಪ್ರಿಪೊಸಿಷನ್‌ಗಳನ್ನು ನಿಮ್ಮದೇ ವಾಕ್ಯದ ಜೊತೆ ಬರೆದು ಗೋಡೆಗೆ ಅಂಟಿಸಿ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರೆದ ಪಟ್ಟಿಗಿಂತ ಈ ದಿಕ್ಕಿನಲ್ಲಿ ಮಾಡಿದ್ದು ಬೇಗ ತಲೆಯಲ್ಲಿ ಕೂರುತ್ತದೆ, ಯಾಕೆಂದರೆ ಪರೀಕ್ಷೆ ಹಾಲ್‌ನಲ್ಲಿ ನಿಮ್ಮ ತಲೆಗೆ ಮೊದಲು ಬರುವುದು 'ಇಂದ'ವೇ.

'ಗಿಂತ' ಕಂಡರೆ ಕೈ ತಾನಾಗಿ 'ದ್ಯಾನ್' ಬರೆಯುತ್ತದೆ. ಹೆಚ್ಚಿನ ಕಡೆ ಸರಿಯೇ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್, ಪ್ರಯರ್, ಪ್ರಿಫರ್, ಇವಕ್ಕೆ 'ಟು'. ಹಾಗೆಯೇ 'ಬಗ್ಗೆ ಚರ್ಚಿಸಿದರು' ಅನ್ನುವುದರಿಂದ 'ಡಿಸ್ಕಸ್ಡ್ ಅಬೌಟ್' ಬರುತ್ತದೆ, ಅಲ್ಲಿ 'ಅಬೌಟ್' ಬೇಡ. 'ಒಳಗೆ ಬಂದ' ಅಂತ 'ಎಂಟರ್ಡ್ ಇನ್‌ಟು ದ ರೂಮ್' ಬೇಡ, 'ಎಂಟರ್ಡ್ ದ ರೂಮ್' ಸಾಕು. 'ಅವನ ಜೊತೆ ಮದುವೆ' ಅಂತ 'ಮ್ಯಾರೀಡ್ ವಿತ್' ಬರೆಯಬೇಡಿ, 'ಮ್ಯಾರೀಡ್ ಟು'. 'ರಿಟರ್ನ್ ಬ್ಯಾಕ್', 'ಕಸಿನ್ ಬ್ರದರ್' ನಾವು ದಿನಾ ಆಡುವ ಮಾತು, ಪರೀಕ್ಷೆಯಲ್ಲಿ ತಪ್ಪು.

ಕಾಲದ ವಿಷಯಕ್ಕೆ ಬನ್ನಿ. 'ಐದು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದ್ದೀನಿ.' ಕನ್ನಡದಲ್ಲಿ ಇದು ಶುದ್ಧ ವರ್ತಮಾನ. ಅದಕ್ಕೇ 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಅನ್ನುವುದು ಬಾಯಿಗೆ ಬರುತ್ತದೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು. 'ಹ್ಯಾವ್ ಬೀನ್ ವರ್ಕಿಂಗ್' ಆಗಬೇಕು, 'ಸಿನ್ಸ್' ಬದಲು 'ಫಾರ್' ಆಗಬೇಕು. ಶುರುವಾದ ಗಳಿಗೆ ಹೇಳಿದರೆ 'ಸಿನ್ಸ್', ಎಷ್ಟು ಹೊತ್ತು ಅಂತ ಅಳತೆ ಹೇಳಿದರೆ 'ಫಾರ್'. ಇನ್ನು 'ನಿನ್ನೆ ನೋಡಿದ್ದೇನೆ' ಕನ್ನಡದಲ್ಲಿ ನಡೆಯುತ್ತದೆ, ಆದರೆ 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ನಡೆಯುವುದಿಲ್ಲ. ನಿನ್ನೆ, ಕಳೆದ ವಾರ, 2019ರಲ್ಲಿ ಅಂತ ಕಾಲ ಹೇಳಿದ ಕೂಡಲೇ 'ಹ್ಯಾವ್' ಬಿಟ್ಟು 'ಸಾ' ಅನ್ನಬೇಕು. 'ಮಳೆ ಬಂದರೆ' ಅನ್ನುವಲ್ಲಿ 'ಇಫ್ ಇಟ್ ವಿಲ್ ರೇನ್' ಬೇಡ, 'ಇಫ್ ಇಟ್ ರೇನ್ಸ್' ಸಾಕು. 'ಗೊತ್ತಿದ್ದಿದ್ದರೆ ಬರುತ್ತಿದ್ದೆ' ಅನ್ನುವ ನಮ್ಮ ವಾಕ್ಯ 'ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್' ಆಗುತ್ತದೆ. ಈ ಒಂದು ಜೋಡಿ ಬಾಯಿಪಾಠ ಆದರೆ ಮೂರನೇ ಕಂಡಿಷನಲ್ ಅನ್ನುವ ಇಡೀ ಅಧ್ಯಾಯ ಮುಗಿದ ಹಾಗೆ.

ಎಸ್‌ಎಸ್‌ಸಿಗೆ ತುಂಬ ಇಷ್ಟವಾದ ಇನ್ನೊಂದು ತಪ್ಪು ನಮ್ಮ 'ಅಂತ'ದಿಂದ ಬರುತ್ತದೆ. 'ಎಲ್ಲಿಗೆ ಹೋಗ್ತಿದ್ದೀಯ ಅಂತ ಕೇಳಿದ' ಅನ್ನುವಾಗ ಪ್ರಶ್ನೆ ಇದ್ದ ಹಾಗೇ ಇರುತ್ತದೆ, ಕೊನೆಗೆ 'ಅಂತ' ಸೇರಿಸಿದರೆ ಆಯಿತು. ಇಂಗ್ಲಿಷಲ್ಲಿ ಆ ಸೌಲಭ್ಯ ಇಲ್ಲ. 'ಹಿ ಆಸ್ಕ್ಡ್ ಮಿ ವೇರ್ ವಾಸ್ ಐ ಗೋಯಿಂಗ್' ತಪ್ಪು. ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಹೋದ ಕೂಡಲೇ 'ವೇರ್ ಐ ವಾಸ್ ಗೋಯಿಂಗ್' ಆಗಬೇಕು. 'ಐ ಡೋಂಟ್ ನೋ ವಾಟ್ ಈಸ್ ಹಿಸ್ ನೇಮ್' ಕೂಡ ಅದೇ ತಪ್ಪು. ಸೆಂಟೆನ್ಸ್ ಇಂಪ್ರೂವ್‌ಮೆಂಟ್‌ನಲ್ಲಿ (ವಾಕ್ಯ ಸರಿಪಡಿಸುವ ಪ್ರಶ್ನೆ) ಇದು ಬಂದರೆ ಎರಡು ಅಂಕ ಬಿಟ್ಟಿ ಸಿಕ್ಕಿದ ಹಾಗೆ.

ಹಾಗೇ ಕ್ವೆಶ್ಚನ್ ಟ್ಯಾಗ್. ಬಂದ ಅಲ್ವಾ, ಬರ್ತೀಯ ಅಲ್ವಾ, ಚೆನ್ನಾಗಿದೆ ಅಲ್ವಾ. ನಮಗೆ ಎಲ್ಲದಕ್ಕೂ ಒಂದೇ ಸಾಕು, ಅದಕ್ಕೆ ಎಲ್ಲದಕ್ಕೂ 'ಇಸ್‌ಂಟ್ ಇಟ್' ಹಾಕಿಬಿಡುತ್ತೇವೆ. ಇಂಗ್ಲಿಷಲ್ಲಿ ಕ್ರಿಯಾಪದ ನೋಡಿ ಟ್ಯಾಗ್ ಬದಲಾಗುತ್ತದೆ: 'ಹಿ ಕೇಮ್, ಡಿಡಂಟ್ ಹಿ', 'ಯು ವಿಲ್ ಕಮ್, ವೋಂಟ್ ಯು'. ನಿಯಮಕ್ಕೆ ಹೊರಗಿನ ಎರಡನ್ನು ಬೇರೆ ಬರೆದಿಟ್ಟುಕೊಳ್ಳಿ: 'ಐ ಆಮ್ ಲೇಟ್, ಆರಂಟ್ ಐ', 'ಲೆಟ್ ಅಸ್ ಗೋ, ಶಲ್ ವಿ'.

ಆರ್ಟಿಕಲ್ ವಿಷಯದಲ್ಲಿ ಮಾತ್ರ ಕನ್ನಡ ಅಕ್ಷರಮಾಲೆ ನಮಗೆ ದೊಡ್ಡ ಸಹಾಯ. 'ಎ' ಹಾಕಬೇಕಾ 'ಆನ್' (an) ಹಾಕಬೇಕಾ ಅನ್ನುವುದು ಸ್ಪೆಲಿಂಗ್ ಮೇಲೆ ಅಲ್ಲ, ಉಚ್ಚಾರದ ಮೇಲೆ ನಿಂತಿದೆ. ಪದವನ್ನು ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ 'ಆನ್', ವ್ಯಂಜನದಿಂದ ಶುರುವಾದರೆ 'ಎ'. ಅವರ್ (ಗಂಟೆ), ಆನೆಸ್ಟ್, ಎಂಎಲ್‌ಎ, ಎಸ್‌ಪಿ, ಇವೆಲ್ಲ ಸ್ವರ, ಆದ್ದರಿಂದ 'ಆನ್'. ಯೂನಿವರ್ಸಿಟಿ, ಯುರೋಪಿಯನ್, ಯೂನಿಫಾರ್ಮ್ ಶುರುವಾಗುವುದು 'ಯ'ದಿಂದ, ಆದ್ದರಿಂದ 'ಎ'. ಎರಡು ಕಡೆ ಮಾತ್ರ ಎಚ್ಚರ. 'ಒನ್' ಅನ್ನು ನಾವು 'ಒ' ಹಾಕಿ ಬರೆಯುತ್ತೇವೆ, ಆದರೆ ಉಚ್ಚಾರ 'ವನ್', ಹಾಗಾಗಿ 'ಎ ಒನ್ ರುಪೀ ಕಾಯಿನ್'. ಎಂಎಲ್‌ಎಯನ್ನು ಹಳ್ಳಿ ಕಡೆ 'ಯೆಮ್ಮೆಲ್ಲೆ' ಅನ್ನುತ್ತೇವೆ, ಆ 'ಯ' ಲೆಕ್ಕಕ್ಕಿಲ್ಲ. 'ದ' ವಿಷಯಕ್ಕೆ ನಮ್ಮ ಭೂಗೋಳವೇ ಸಾಕು: ನದಿ, ಸಮುದ್ರ, ಬೆಟ್ಟಸಾಲುಗಳಿಗೆ 'ದ' ಬೇಕು, ಅಂದರೆ ದ ಕಾವೇರಿ, ದ ಅರೇಬಿಯನ್ ಸೀ, ದ ವೆಸ್ಟರ್ನ್ ಘಾಟ್ಸ್. ಒಂಟಿ ಶಿಖರಕ್ಕೆ ಬೇಡ, ಮುಳ್ಳಯ್ಯನಗಿರಿ ಅಂದರೆ ಬರೀ ಮುಳ್ಳಯ್ಯನಗಿರಿ.

ವಚನದಲ್ಲಿ ಒಂದೇ ಮಾತು. ನಾವು 'ಐದು ಪುಸ್ತಕ' ಅನ್ನುತ್ತೇವೆ, 'ಗಳು' ಬಿಟ್ಟರೂ ನಡೆಯುತ್ತದೆ. ಅದಕ್ಕೇ 'ಒನ್ ಆಫ್ ಮೈ ಫ್ರೆಂಡ್' ಅನ್ನುವ ತಪ್ಪು, 'ಫ್ರೆಂಡ್ಸ್' ಆಗಬೇಕು. 'ಮಾಹಿತಿಗಳು', 'ಸಲಹೆಗಳು' ನಮ್ಮಲ್ಲಿ ಸರಿ, ಇಂಗ್ಲಿಷಲ್ಲಿ ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್, ಲಗೇಜ್, ಎಕ್ವಿಪ್‌ಮೆಂಟ್ ಇವಕ್ಕೆ 'ಎಸ್' ಸೇರುವುದೇ ಇಲ್ಲ.

ವಾಯ್ಸ್ (ಕರ್ತರಿ, ಕರ್ಮಣಿ ಪ್ರಯೋಗ) ಮತ್ತು ನರೇಷನ್ (ಒಬ್ಬರ ಮಾತನ್ನು ಇನ್ನೊಬ್ಬರು ಹೇಳುವ ವಾಕ್ಯ) ಬಗ್ಗೆ ಭಯ ಬೇಡ. 'ಹಣ್ಣು ಅವನಿಂದ ತಿನ್ನಲ್ಪಟ್ಟಿತು' ಅಂತ ಯಾರೂ ಮಾತಾಡುವುದಿಲ್ಲ, ಹಾಗಾಗಿ ಅರ್ಥದ ಮೇಲೆ ಹೋಗದೆ ಯಂತ್ರದ ಹಾಗೆ ಮಾಡಿ. ಕರ್ಮ ಮುಂದೆ ತನ್ನಿ, ಅದೇ ಕಾಲದ 'ಬಿ' ರೂಪ ಹಾಕಿ, ಕ್ರಿಯಾಪದದ ಮೂರನೇ ರೂಪ ಬರೆಯಿರಿ. 'ಈಸ್ ಈಟಿಂಗ್' ಇದ್ದದ್ದು 'ಈಸ್ ಬೀಯಿಂಗ್ ಈಟನ್'. ಆಯ್ಕೆಗಳಲ್ಲಿ ಮೊದಲು ಕಾಲ ಬದಲಾಗಿರುವುದನ್ನು ಹೊಡೆದುಹಾಕಿ, ಸಾಮಾನ್ಯವಾಗಿ ಎರಡು ಅಲ್ಲೇ ಹೋಗುತ್ತವೆ.

ತಪ್ಪಿನ ಪುಸ್ತಕ

ಇದೊಂದನ್ನು ದಯವಿಟ್ಟು ಬಿಡಬೇಡಿ. 200 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ನೀವು ತಪ್ಪು ಮಾಡಿದ ಪ್ರಶ್ನೆ ಮಾತ್ರ ಅದರಲ್ಲಿ ಬರೆಯಿರಿ. ಒಂದು ದಾಖಲೆ ಹೀಗಿರಲಿ:

ತಪ್ಪು: ಹಿ ಈಸ್ ಸೀನಿಯರ್ ದ್ಯಾನ್ ಮಿ.
ಸರಿ: ಹಿ ಈಸ್ ಸೀನಿಯರ್ ಟು ಮಿ.
ಯಾಕೆ ತಪ್ಪಿತು: 'ನನಗಿಂತ' ಅಂತ ಯೋಚಿಸಿದೆ.
ನನ್ನ ವಾಕ್ಯ: ಅವರ್ ಹೆಡ್‌ಮಾಸ್ಟರ್ ಈಸ್ ಸೀನಿಯರ್ ಟು ಆಲ್ ದ ಟೀಚರ್ಸ್.

ಮೂರನೇ ಸಾಲೇ ಜೀವಾಳ. ಅಲ್ಲಿ ನಿಯಮ ಬರೆಯಬೇಡಿ, ಆ ಗಳಿಗೆಯಲ್ಲಿ ತಲೆಯಲ್ಲಿ ಓಡಿದ್ದು ಏನು ಅಂತ ಬರೆಯಿರಿ. ಕೆಲವು ವಾರ ಕಳೆದ ಮೇಲೆ ಈ ಮೂರನೇ ಸಾಲುಗಳನ್ನಷ್ಟೇ ಓದುತ್ತಾ ಹೋದರೆ ನಿಮ್ಮ ದುರ್ಬಲ ಜಾಗ ತಾನಾಗಿ ಕಾಣುತ್ತದೆ. ಕೆಲವರಿಗೆ ಪ್ರಿಪೊಸಿಷನ್, ಕೆಲವರಿಗೆ ಕಾಲ, ಕೆಲವರಿಗೆ ಸುಮ್ನೆ ಅವಸರ. ಅವಸರದಿಂದ ತಪ್ಪಿದ್ದರೆ ಅದನ್ನೂ ಹಾಗೇ ಬರೆಯಿರಿ. ಸರಿ ವಾಕ್ಯವನ್ನು ಬಾಯಿ ಬಿಟ್ಟು ಜೋರಾಗಿ ಓದಿ. ಕಣ್ಣಲ್ಲಿ ಓದಿದ್ದು ನಿಯಮವಾಗಿ ಉಳಿಯುತ್ತದೆ, ಬಾಯಲ್ಲಿ ಆಡಿದ್ದು ರೂಢಿಯಾಗುತ್ತದೆ, ಪರೀಕ್ಷೆಯ ಗಡಿಬಿಡಿಯಲ್ಲಿ ಕೈ ಹಿಡಿಯುವುದು ರೂಢಿಯೇ.

ಪದಗಳು

'ದಿನಕ್ಕೆ 50 ಪದ' ಅನ್ನುವ ಪಟ್ಟಿಗಳನ್ನು ನಂಬಬೇಡಿ. ಎ ಅಕ್ಷರದಿಂದ ಶುರು ಮಾಡಿದವರಿಗೆ 'ಅಬಾಂಡನ್', 'ಅಬೇಟ್' ಚೆನ್ನಾಗಿ ಬರುತ್ತವೆ, ಎಂ ದಾಟುವುದೇ ಇಲ್ಲ. ಪದಗಳನ್ನು ಅರ್ಥದ ಗುಂಪಾಗಿ ಇಡಿ. ಒಂದು ಪುಟಕ್ಕೆ 'ಮಾತು' ಅಂತ ತಲೆಬರಹ ಕೊಡಿ. ಎಡಗಡೆ ವಾಚಾಳಿ: ಗ್ಯಾರುಲಸ್, ಲೊಕ್ವೇಶಸ್, ವರ್ಬೋಸ್. ಬಲಗಡೆ ಮಿತಭಾಷಿ: ಟ್ಯಾಸಿಟರ್ನ್, ರೆಟಿಸೆಂಟ್, ಲಕಾನಿಕ್. ಇನ್ನೊಂದು ಪುಟ 'ದುಡ್ಡು': ಒಂದು ಕಡೆ ಎಕ್ಸ್‌ಟ್ರಾವಗಂಟ್, ಪ್ರಾಡಿಗಲ್, ಇನ್ನೊಂದು ಕಡೆ ಫ್ರೂಗಲ್, ತ್ರಿಫ್ಟಿ, ಮೈಸರ್ಲಿ. ಹೀಗೆ ಇಟ್ಟರೆ ಸಿನೊನಿಮ್, ಆಂಟೊನಿಮ್ ಎರಡೂ ಒಂದೇ ಓದಿಗೆ ಆಗುತ್ತದೆ. ಆದರೆ ಫ್ರೂಗಲ್ ಅಂದರೆ ಹಿತಮಿತವಾಗಿ ಖರ್ಚು ಮಾಡುವವ, ಮೈಸರ್ಲಿ ಅಂದರೆ ಜಿಪುಣ. ಒಂದು ಹೊಗಳಿಕೆ, ಇನ್ನೊಂದು ಬೈಗುಳ. ಪ್ಯಾರಾದ ಬಿಟ್ಟಸ್ಥಳ ತುಂಬುವ ಕ್ಲೋಜ್ ಟೆಸ್ಟ್‌ನಲ್ಲಿ ಈ ಒಂದು ಎಳೆ ವ್ಯತ್ಯಾಸದ ಮೇಲೆಯೇ ಉತ್ತರ ನಿಂತಿರುತ್ತದೆ.

ಒನ್ ವರ್ಡ್ ಸಬ್‌ಸ್ಟಿಟ್ಯೂಷನ್‌ಗೆ, ಅಂದರೆ ಉದ್ದ ಅರ್ಥವನ್ನು ಒಂದೇ ಪದದಲ್ಲಿ ಹೇಳುವ ಪ್ರಶ್ನೆಗೆ, ಪದದ ಬೇರು ಹಿಡಿಯಿರಿ. 'ಆಮ್ನಿ' ಅಂದರೆ ಎಲ್ಲ, ನಮ್ಮ 'ಸರ್ವ'. ಆಮ್ನಿಪ್ರೆಸೆಂಟ್ ಸರ್ವಾಂತರ್ಯಾಮಿ, ಆಮ್ನಿಪೊಟೆಂಟ್ ಸರ್ವಶಕ್ತ, ಆಮ್ನಿಶಿಯಂಟ್ ಸರ್ವಜ್ಞ. ತ್ರಿಪದಿ ಬರೆದ ಕವಿಯ ಹೆಸರನ್ನು ಮರೆಯುವ ಕನ್ನಡಿಗ ಇಲ್ಲ, ಆಮ್ನಿಶಿಯಂಟ್ ಇನ್ನು ಮರೆಯುವುದಿಲ್ಲ. 'ಸೈಡ್' ಅಂದರೆ ಕೊಲ್ಲುವುದು: ರಾಜನನ್ನು ಕೊಂದರೆ ರೆಜಿಸೈಡ್, ತಂದೆಯನ್ನು ಪ್ಯಾಟ್ರಿಸೈಡ್, ತಾಯಿಯನ್ನು ಮ್ಯಾಟ್ರಿಸೈಡ್, ಅಣ್ಣತಮ್ಮನನ್ನು ಫ್ರಾಟ್ರಿಸೈಡ್, ಹೆಂಡತಿಯನ್ನು ಅಕ್ಸೋರಿಸೈಡ್. 'ಕ್ರಸಿ' ಅಂದರೆ ಆಳ್ವಿಕೆ: ಹಣವಂತರದ್ದು ಪ್ಲುಟಾಕ್ರಸಿ, ಮುದುಕರದ್ದು ಜೆರಂಟಾಕ್ರಸಿ, ಧರ್ಮಗುರುಗಳದ್ದು ಥಿಯಾಕ್ರಸಿ. ಎತ್ತರದ ಭಯ ಆಕ್ರೊಫೋಬಿಯಾ, ಇಕ್ಕಟ್ಟಿನ ಭಯ ಕ್ಲಾಸ್ಟ್ರೊಫೋಬಿಯಾ. ಹಳೆ ಪತ್ರಿಕೆಗಳಲ್ಲಿ ಇವೇ ತಿರುಗಿ ತಿರುಗಿ ಬರುತ್ತವೆ, ಆದ್ದರಿಂದ ಹೊಸ ಪುಸ್ತಕಕ್ಕಿಂತ ಮೊದಲು ಹಳೆ ಪ್ರಶ್ನೆಗಳನ್ನು ಖಾಲಿ ಮಾಡಿ.

ಈಡಿಯಮ್‌ಗಳಲ್ಲಿ ಅರ್ಧದಷ್ಟಕ್ಕೆ ನಮ್ಮಲ್ಲಿ ಜೋಡಿ ಇದೆ. 'ಬೆಲ್ ದ ಕ್ಯಾಟ್' ನಮ್ಮ ಬೆಕ್ಕಿಗೆ ಗಂಟೆ ಕಟ್ಟುವುದೇ. 'ಟರ್ನ್ ಎ ಡೆಫ್ ಇಯರ್' ಅಂದರೆ ಜಾಣಕಿವುಡು. 'ಮೇಕ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್' ಅಂದರೆ ಕಡ್ಡಿಯನ್ನು ಗುಡ್ಡ ಮಾಡುವುದು. 'ಆ್ಯಡ್ ಫ್ಯುಯಲ್ ಟು ದ ಫೈರ್' ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು. ಇವನ್ನು ಒಂದು ಸಲ ಓದಿದರೆ ಸಾಕು. ನಿಜವಾದ ಕೆಲಸ ಇರುವುದು ಜೋಡಿ ಇಲ್ಲದವುಗಳ ಮೇಲೆ: 'ಬರಿ ದ ಹ್ಯಾಚೆಟ್' ಅಂದರೆ ಜಗಳ ಬಿಟ್ಟು ರಾಜಿಯಾಗುವುದು, 'ರೆಡ್ ಲೆಟರ್ ಡೇ' ಅಂದರೆ ನೆನಪಿಟ್ಟುಕೊಳ್ಳುವಂಥ ಶುಭದಿನ, 'ಸ್ಮೆಲ್ ಎ ರ‍್ಯಾಟ್' ಅಂದರೆ ಏನೋ ಮೋಸ ಇದೆ ಅಂತ ಅನುಮಾನ ಬರುವುದು. ಇಂಥವಕ್ಕೆ ಚೀಟಿ ಮಾಡಿ. ಮನೆಯಲ್ಲಿ ಬಿದ್ದಿರುವ ಹಳೆ ಮದುವೆ ಕಾರ್ಡ್‌ಗಳ ಖಾಲಿ ಬೆನ್ನು ಕತ್ತರಿಸಿದರೆ ಗಟ್ಟಿ ಚೀಟಿ ಆಗುತ್ತದೆ. ಒಂದು ಬದಿ ಬಿಟ್ಟಸ್ಥಳ ಇರುವ ವಾಕ್ಯ, ಇನ್ನೊಂದು ಬದಿ ಉತ್ತರ. ಮಾರನೇ ದಿನ ನೋಡಿ, ಮೂರು ದಿನ ಬಿಟ್ಟು ನೋಡಿ, ವಾರ ಬಿಟ್ಟು ನೋಡಿ, ತಿಂಗಳು ಬಿಟ್ಟು ನೋಡಿ. ತಪ್ಪಿದ ಚೀಟಿ ಮತ್ತೆ ಮೊದಲಿನಿಂದ ಶುರು.

ಸ್ಪೆಲಿಂಗ್ ನಮಗೆ ಕಷ್ಟ ಯಾಕೆಂದರೆ ಕನ್ನಡದಲ್ಲಿ ಹೇಳಿದ ಹಾಗೆ ಬರೆಯುತ್ತೇವೆ. ಇದಕ್ಕೆ ಒತ್ತಕ್ಷರದ ಉಪಾಯ ಇದೆ. ಎರಡೆರಡು ಅಕ್ಷರ ಬರುವ ಕಡೆ ಮನಸ್ಸಿನಲ್ಲಿ ಒತ್ತು ಕೊಟ್ಟು ಓದಿ: 'ಅಕ್ಕಾಮ್ಮೊಡೇಷನ್', 'ಕಮ್ಮಿಟ್ಟೀ', 'ಒಕ್ಕೇಷನ್', 'ಎಂಬರ‍್ರಾಸ್ಸ್'. ಹರಾಸ್ ಪದಕ್ಕೆ ಆರ್ ಒಂದೇ, ಎಸ್ ಎರಡು, ಅಂದರೆ 'ಹರಾಸ್ಸ್'. ಹೊರಗೆ ಹೀಗೆ ಉಚ್ಚರಿಸಬೇಡಿ, ತಲೆಯೊಳಗೆ ಮಾತ್ರ.

ಓದುವುದು ಏನನ್ನು

ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯ ಪತ್ರಿಕೆಗಳು, ಎರಡೂ 1948ರಲ್ಲಿ ಶುರುವಾದವು. ಬೆಳಿಗ್ಗೆ ಒಂದು ಸುದ್ದಿಯನ್ನು ಪ್ರಜಾವಾಣಿಯಲ್ಲಿ ಓದಿ, ಅದೇ ಸುದ್ದಿಯನ್ನು ಡೆಕ್ಕನ್ ಹೆರಾಲ್ಡ್‌ನಲ್ಲಿ ಹುಡುಕಿ ಓದಿ. ವಿಷಯ ಆಗಲೇ ಗೊತ್ತಿರುವುದರಿಂದ ಡಿಕ್ಷನರಿ ಮುಟ್ಟದೆ ಅರ್ಧಕ್ಕರ್ಧ ಪದ ಅರ್ಥವಾಗುತ್ತದೆ. ದುಡ್ಡು ಕೊಟ್ಟು ಎರಡು ಪತ್ರಿಕೆ ತರಿಸಲು ಆಗದಿದ್ದರೆ ಊರಿನ ಗ್ರಂಥಾಲಯ ಇದ್ದೇ ಇದೆ.

ಶುರುವಿನಲ್ಲಿ ಸಂಪಾದಕೀಯ ಬೇಡ. ಕೋರ್ಟ್ ಮತ್ತು ಅಪರಾಧ ಸುದ್ದಿ ಓದಿ. ನಗಬೇಡಿ, ಪ್ರಿಪೊಸಿಷನ್ ಕಲಿಯಲು ಅದರಷ್ಟು ಒಳ್ಳೆ ಜಾಗ ಇಲ್ಲ. 'ಅಕ್ಯೂಸ್ಡ್ ಆಫ್', 'ಚಾರ್ಜ್ಡ್ ವಿತ್', 'ಕನ್ವಿಕ್ಟೆಡ್ ಆಫ್', 'ಅಕ್ವಿಟೆಡ್ ಆಫ್', 'ಸೆಂಟೆನ್ಸ್ಡ್ ಟು'. ಆರೋಪದಿಂದ ಶಿಕ್ಷೆಯವರೆಗೆ ಒಂದೇ ಸುದ್ದಿಯಲ್ಲಿ ಎಲ್ಲ ಬರುತ್ತದೆ, ಎಸ್‌ಎಸ್‌ಸಿ ಕೇಳುವುದೂ ಇವನ್ನೇ. ದಿನಕ್ಕೆ ಐದು ಪದ ಸಾಕು, ಆದರೆ ಪ್ರತಿ ಪದವನ್ನು ಅದರ ಹಿಂದೆ ಮುಂದೆ ಇರುವ ಪದಗಳ ಸಮೇತ ಬರೆದುಕೊಳ್ಳಿ.

ಪ್ಯಾರಾ ಜಂಬಲ್, ಅಂದರೆ ಪಿ ಕ್ಯೂ ಆರ್ ಎಸ್ ವಾಕ್ಯ ಜೋಡಣೆಗೂ ಈ ಓದು ಸಹಾಯಕ್ಕೆ ಬರುತ್ತದೆ. ಹೆಸರು ಇರುವ ವಾಕ್ಯ ಮೊದಲು, 'ಹಿ', 'ದಿಸ್', 'ಸಚ್' ಇರುವ ವಾಕ್ಯ ಆಮೇಲೆ. 'ಎ ಫಾರ್ಮರ್' ಅಂತ ಮೊದಲ ಸಲ ಹೇಳಿದವನೇ ಆಮೇಲೆ 'ದ ಫಾರ್ಮರ್' ಆಗುತ್ತಾನೆ. ನಾಲ್ಕನ್ನೂ ಜೋಡಿಸಲು ಹೋಗಬೇಡಿ, ಖಂಡಿತ ಅಕ್ಕಪಕ್ಕ ಬರಲೇಬೇಕಾದ ಎರಡನ್ನು ಹುಡುಕಿ, ಆ ಜೋಡಿ ಇಲ್ಲದ ಆಯ್ಕೆಗಳನ್ನು ಕೈಬಿಡಿ. ಕ್ಲೋಜ್ ಟೆಸ್ಟ್‌ಗೆ ಬಿಟ್ಟಸ್ಥಳ ಹಾಗೇ ಬಿಟ್ಟು ಇಡೀ ಪ್ಯಾರಾ ಒಂದು ಸಲ ಓದಿ, ಆಮೇಲೆ ತುಂಬಿ.

ಗಡಿಯಾರ ಮತ್ತು ನೆಗೆಟಿವ್ ಅಂಕ

ಕಾರಣ ಬರೆಯುವ ಅಭ್ಯಾಸ ಕೈಗೆ ಹತ್ತಿದ ಮೇಲೆ ಮಾತ್ರ ಟೈಮರ್ ಇಡಿ. ಟಿಯರ್ 1ರಲ್ಲಿ 25 ಇಂಗ್ಲಿಷ್ ಪ್ರಶ್ನೆಗೆ 12 ನಿಮಿಷಕ್ಕಿಂತ ಜಾಸ್ತಿ ಹೋಗಬಾರದು, ಯಾಕೆಂದರೆ ಗಣಿತಕ್ಕೆ ಆ ಸಮಯ ಬೇಕು. ಪದ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಸಿನೊನಿಮ್ ಮುಂದೆ ಒಂದು ನಿಮಿಷ ಕೂತರೆ ಅರ್ಥ ಮೇಲಿನಿಂದ ಉದುರುವುದಿಲ್ಲ, ಮುಂದಕ್ಕೆ ಹೋಗಿ. ಯೋಚಿಸಿದರೆ ಉತ್ತರ ಸಿಗುವಂಥವು ಎರರ್, ಜೋಡಣೆ, ಪ್ಯಾಸೇಜ್. ಉಳಿದ ಸಮಯ ಅಲ್ಲಿ ಹಾಕಿ.

ತಪ್ಪು ಉತ್ತರಕ್ಕೆ ಟಿಯರ್ 1ರಲ್ಲಿ ಅರ್ಧ ಅಂಕ ಹೋಗುತ್ತದೆ, ಟಿಯರ್ 2ರಲ್ಲಿ ಒಂದು ಅಂಕ. ಸರಿ ಉತ್ತರಕ್ಕೆ ಸಿಗುವುದು ಎರಡು ಮತ್ತು ಮೂರು. ಲೆಕ್ಕ ಹಾಕಿ: ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಕಾರಣ ಹೇಳಿ ತೆಗೆದುಹಾಕಿದ್ದರೆ ಉಳಿದ ಎರಡರಲ್ಲಿ ಒಂದನ್ನು ಗುರುತು ಮಾಡುವುದರಿಂದ ಲಾಭವೇ. ಒಂದನ್ನೂ ತೆಗೆಯಲು ಆಗದಿದ್ದರೆ ಬಿಟ್ಟುಬಿಡಿ. ಇದನ್ನು ಮಾಕ್ ಟೆಸ್ಟಲ್ಲೇ ಅಭ್ಯಾಸ ಮಾಡಿ. ಊಹೆ ಮಾಡಿದ ಪ್ರಶ್ನೆಗಳ ಸಂಖ್ಯೆಯನ್ನು ರಫ್ ಹಾಳೆಯಲ್ಲಿ ಬರೆದಿಟ್ಟು, ಕೊನೆಗೆ ಅವಷ್ಟನ್ನೇ ಬೇರೆ ಎಣಿಸಿ, ಅವುಗಳಿಂದ ಅಂಕ ಬಂತಾ ಹೋಯಿತಾ ನೋಡಿ. ಐದಾರು ಟೆಸ್ಟ್ ಹೀಗೆ ನೋಡಿದರೆ ಎರರ್ ಪ್ರಶ್ನೆಯಲ್ಲಿ ನಿಮ್ಮ ಊಹೆ ನಡೆಯುತ್ತದಾ, ಈಡಿಯಮ್‌ನಲ್ಲಿ ನಡೆಯುತ್ತದಾ ಅಂತ ಗೊತ್ತಾಗುತ್ತದೆ, ಪರೀಕ್ಷೆ ದಿನ ಎಲ್ಲಿ ಊಹಿಸಬೇಕು ಎಲ್ಲಿ ಬಿಡಬೇಕು ಅನ್ನುವುದನ್ನು ಆ ಲೆಕ್ಕ ನೋಡಿ ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿ.